ಬೇಡವೆಂದು ತೆಗೆದ ಕ್ಲಚ್: ಒಂದು ವಿದ್ಯುತ್ ಟ್ರಯಲ್ಸ್ ಬೈಕಿನ ಪ್ರಕರಣ ಅಧ್ಯಯನ

ವಿದ್ಯುತ್ ಮೋಟಾರಿಗೆ ಕ್ಲಚ್ ಬೇಕಾಗಿಲ್ಲ ಎಂಬುದು ಎಂಜಿನಿಯರಿಂಗ್ ಓದಿದವರೆಲ್ಲ ಒಪ್ಪುವ ಮಾತು. ಪೆಟ್ರೋಲ್ ಎಂಜಿನ್ ಒಮ್ಮೆ ನಿಂತರೆ ತಾನಾಗಿ ಹೊರಡಲಾರದು. ಚಕ್ರ ನಿಂತಾಗಲೂ ಎಂಜಿನ್ ತಿರುಗುತ್ತಿರಬೇಕಾದರೆ ಎರಡರ ನಡುವೆ ಕೊಂಡಿ ಕಳಚುವ ಒಂದು ಸಾಧನ ಬೇಕೇ ಬೇಕು. ಮೋಟಾರಿಗೆ ಈ ತೊಂದರೆ ಇಲ್ಲ, ಅದು ಶೂನ್ಯ ವೇಗದಲ್ಲೇ ತನ್ನ ಪೂರ್ಣ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಹಾಗಾಗಿ ಕ್ಲಚ್ಚನ್ನೂ ಗೇರುಪೆಟ್ಟಿಗೆಯನ್ನೂ ತೆಗೆದುಹಾಕಿದರೆ ಬೈಕು ಹಗುರವಾಗುತ್ತದೆ, ಸರಳವಾಗುತ್ತದೆ, ಕೆಡುವ ಭಾಗಗಳು ಕಡಿಮೆಯಾಗುತ್ತವೆ. ಈ ತರ್ಕದಲ್ಲಿ ದೋಷ ಕಾಣುವುದು ಕಷ್ಟ. ಆದರೂ ಇದೇ ತರ್ಕದ ಮೇಲೆ ತಯಾರಾದ ಒಂದು ಟ್ರಯಲ್ಸ್ ಬೈಕು, ಅಂದರೆ ಬಂಡೆ ಹಳ್ಳಗಳನ್ನು ಪಾದ ಊರದೆ ದಾಟುವ ಕ್ರೀಡೆಯ ಬೈಕು, ಬಹುಕಾಲದ ಅನುಭವವುಳ್ಳ ಒಬ್ಬ ಸವಾರನ ಕೈಗೆ ಬಂದಾಗ, ಅವರು ಹಳೆಯ ಬೈಕಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಬಂಡೆಯ ಬುಡದಲ್ಲಿ ಮತ್ತೆ ಮತ್ತೆ ನಿಂತುಬಿಟ್ಟಿತು. ಅದು ಏಕೆ ನಿಂತಿತು, ಕಾರಣ ತಿಳಿಯಲು ಅಷ್ಟು ಕಾಲ ಏಕೆ ಹಿಡಿಯಿತು, ಕೊನೆಗೆ ಏನು ಮಾಡಲಾಯಿತು ಎಂಬುದನ್ನು ದಾಖಲಿಸುವುದು ಈ ಬರಹದ ಉದ್ದೇಶ.

ಸವಾರ, ಕ್ಲಬ್, ಜಮೀನಿನ ಮಾಲೀಕರು, ಬೈಕಿನ ತಯಾರಕರು, ನೆರವಾದ ವರ್ಕ್‌ಶಾಪ್ ಇವರಲ್ಲಿ ಯಾರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಲು ದಾರಿಯಾಗಬಹುದಾದ ಕೆಲವು ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನು ಮೋಟಾರ್ ನಿಯಂತ್ರಣದ ಕ್ಷೇತ್ರದಲ್ಲಿ ದುಡಿಯುವ ಎಂಜಿನಿಯರ್. ಉತ್ತರ ಇಂಗ್ಲೆಂಡಿನ ಯಾರ್ಕ್‌ಶರ್‌ನಲ್ಲಿ ನೆಲೆಸಿದ್ದು, ಆ ಕ್ಲಬ್ಬಿನ ಸ್ಪರ್ಧೆಗಳಲ್ಲಿ ಅಂಕ ಬರೆಯುವ ವೀಕ್ಷಕನಾಗಿ ನಿಲ್ಲುತ್ತೇನೆ. ಪ್ರಕರಣದ ತಾಂತ್ರಿಕ ಭಾಗದಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಟ್ರಯಲ್ಸ್ ಎಂಬುದು ವೇಗದ ಸ್ಪರ್ಧೆಯಲ್ಲ. ಹಳ್ಳ, ಬಂಡೆ, ಕೆಸರು, ಮರದ ಬೇರು ಇವುಗಳ ನಡುವೆ ಪಟ್ಟಿ ಕಟ್ಟಿ ಗುರುತಿಸಿದ ಸಣ್ಣ ಸಣ್ಣ ಹಾದಿಗಳಿರುತ್ತವೆ. ಇವನ್ನು ಸೆಕ್ಷನ್ ಎನ್ನುತ್ತಾರೆ. ಸವಾರನು ಪಾದವನ್ನು ನೆಲಕ್ಕೆ ತಾಗಿಸದೆ ಸೆಕ್ಷನ್ ದಾಟಬೇಕು. ಒಮ್ಮೆ ತಾಗಿಸಿದರೆ ಒಂದು ಅಂಕ, ಎರಡು ಬಾರಿ ತಾಗಿಸಿದರೆ ಎರಡು, ಅದಕ್ಕಿಂತ ಹೆಚ್ಚಾದರೆ ಮೂರು, ದಾಟಲಾಗದಿದ್ದರೆ ಐದು. ಇವೆಲ್ಲ ದಂಡದ ಅಂಕಗಳು. ಕೊನೆಯಲ್ಲಿ ಯಾರ ಅಂಕ ಕಡಿಮೆಯೋ ಅವರೇ ಗೆದ್ದವರು. ಪ್ರತಿ ಸೆಕ್ಷನ್ನಿನ ಪಕ್ಕದಲ್ಲಿ ಒಬ್ಬ ವೀಕ್ಷಕ ನಿಂತು ಪಾದಗಳನ್ನೇ ನೋಡುತ್ತ ಅಂಕ ಬರೆಯುತ್ತಾನೆ. ಬೈಕಿನ ತೂಕ ಸಾಮಾನ್ಯವಾಗಿ 65ರಿಂದ 75 ಕಿಲೋ. ಕೂರಲು ಸೀಟು ಎಂಬುದೇ ಇರುವುದಿಲ್ಲ. ಹಿಂದಿನ ಟೈರಿನಲ್ಲಿ ಗಾಳಿ ಎಷ್ಟು ಕಡಿಮೆಯೆಂದರೆ ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ, ನಾಲ್ಕೈದು ಪಿಎಸ್‌ಐ ಅಷ್ಟೇ.

ಯಾರ್ಕ್‌ಶರ್ ಈ ಕ್ರೀಡೆಯ ಹಳೆಯ ನೆಲ. 1914ರಲ್ಲಿ ಆರಂಭವಾದ ಸ್ಕಾಟ್ ಟ್ರಯಲ್ ನಡೆಯುವುದು ಇಲ್ಲಿನ ಬೆಟ್ಟಸೀಮೆಯಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಎಂಬ ಹೆಸರು ಬಂದ ಮೊದಲ ವರ್ಷವಾದ 1975ರಲ್ಲಿ ಗೆದ್ದ ಮಾರ್ಟಿನ್ ಲ್ಯಾಂಪ್‌ಕಿನ್, 1997ರಿಂದ 2003ರವರೆಗೆ ಸತತ ಏಳು ಬಾರಿ ಗೆದ್ದ ಅವರ ಮಗ ಡೂಗಿ ಲ್ಯಾಂಪ್‌ಕಿನ್ ಇಬ್ಬರೂ ಈ ನಾಡಿನವರೇ. ಹೀಗಾಗಿ ಇಲ್ಲಿನ ಹಳ್ಳಿಯ ಕ್ಲಬ್ಬುಗಳಲ್ಲಿ ಕೂಡ ಬೈಕು ಹೇಗಿರಬೇಕೆಂಬ ಬಗ್ಗೆ ತಲೆಮಾರುಗಳಿಂದ ಬೆಳೆದುಬಂದ ಖಚಿತವಾದ ಅಭಿಪ್ರಾಯಗಳಿವೆ, ಮತ್ತು ಹೊಸತನ್ನು ಯಾರೂ ಸುಲಭವಾಗಿ ನಂಬುವುದಿಲ್ಲ.

ಈ ಅಪನಂಬಿಕೆಗೆ ಆಧಾರವೂ ಇದೆ, ಅದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆ. ಆ ಕಾಲದ ಹೆಸರಾಂತ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ 1964ರ ಕೊನೆಗೆ ತಮ್ಮ 500 ಸಿಸಿಯ ಭಾರವಾದ ಏರಿಯಲ್ ಫೋರ್-ಸ್ಟ್ರೋಕ್ ಬೈಕನ್ನು ಬಿಟ್ಟು, ಸ್ಪೇನಿನ ಬುಲ್ಟಾಕೊ ಕಂಪನಿಗಾಗಿ ತಾವೇ ರೂಪಿಸಲು ನೆರವಾದ ಹಗುರವಾದ ಟೂ-ಸ್ಟ್ರೋಕ್ ಶೆರ್ಪಾ ಬೈಕು ಏರಿದಾಗ ಹಿರಿಯರು ಅಚ್ಚರಿಪಟ್ಟಿದ್ದರು. ಆದರೆ 1965ರ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ಲನ್ನು ಅವರು ಅದೇ ಬೈಕಿನಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಫೋರ್-ಸ್ಟ್ರೋಕ್‌ಗಳು ಈ ಕ್ರೀಡೆಯಿಂದ ಬಹುತೇಕ ಮರೆಯಾದವು. ನಲವತ್ತು ವರ್ಷದ ನಂತರ, 2005ರ ಮಾದರಿಯಾಗಿ ಬಂದ ಮೊಂಟೆಸಾ ಕಂಪನಿಯ ಕೋಟಾ 4ಆರ್‌ಟಿ ಬೈಕು ಫೋರ್-ಸ್ಟ್ರೋಕನ್ನು ಮತ್ತೆ ಮುಂಚೂಣಿಗೆ ತಂದಿತು. ಅದರಲ್ಲಿ ಇಂಧನ ಇಂಜೆಕ್ಷನ್ ಇತ್ತು, ಬ್ಯಾಟರಿ ಮಾತ್ರ ಇರಲಿಲ್ಲ. ಕಾಲಿನಿಂದ ಕಿಕ್ ಹೊಡೆದಾಗ ಹುಟ್ಟುವ ವಿದ್ಯುತ್ತಿನಿಂದಲೇ ಪಂಪು, ಕಂಪ್ಯೂಟರು, ಇಂಜೆಕ್ಟರು ಎಲ್ಲವೂ ಎಚ್ಚರಗೊಳ್ಳಬೇಕಿತ್ತು. ಗೆದ್ದ ಈ ಎರಡೂ ಬದಲಾವಣೆಗಳನ್ನು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಎಂಜಿನ್ ಬದಲಾಯಿತು, ಕ್ಲಚ್ ಮತ್ತು ಫ್ಲೈವೀಲ್ (ಎಂಜಿನ್ನಿನ ಜೊತೆ ತಿರುಗುವ ಭಾರದ ಗಾಲಿ) ಸವಾರನ ಕೈಯಲ್ಲಿ ಮೊದಲಿನಂತೆಯೇ ಉಳಿದವು. ಇದನ್ನು ನಾನು ಗಮನಿಸಿದ್ದು ಈ ಪ್ರಕರಣ ಮುಗಿಯುತ್ತ ಬಂದ ಮೇಲೆ.

ವಿದ್ಯುತ್ ಬೈಕಿಗೆ ಕೈಹಾಕಲು ನಮ್ಮ ಸವಾರರಿಗೆ ಇದ್ದ ಕಾರಣ ತಂತ್ರಜ್ಞಾನದ ಮೋಹವಲ್ಲ, ಜಾಗದ ಕೊರತೆ. ಅವರು ಅಭ್ಯಾಸ ಮಾಡುತ್ತಿದ್ದುದು ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿಯೊಂದರಲ್ಲಿ. ಕ್ವಾರಿಯ ಅಂಚಿನವರೆಗೂ ಹೊಸ ಮನೆಗಳು ಬಂದವು, ಸದ್ದಿನ ಬಗ್ಗೆ ದೂರುಗಳು ಹೋದವು. ಜಮೀನಿನ ಮಾಲೀಕರು ಒಳ್ಳೆಯವರೇ ಆದರೂ ಒಂದು ಷರತ್ತು ಹಾಕಬೇಕಾಯಿತು: ಇನ್ನು ಮುಂದೆ ಅಲ್ಲಿ ಎಂಜಿನ್ ಶಬ್ದ ಕೇಳಿಸಬಾರದು. ಬ್ರಿಟನ್ನಿನ ಟ್ರಯಲ್ಸ್ ಕ್ಲಬ್ಬುಗಳಿಗೆ ಜಾಗ ಕೈತಪ್ಪುವ ಭಯ ನಿತ್ಯದ್ದು. ಕ್ರೀಡೆ ಉಳಿಯುವುದು ರೈತರ ಮತ್ತು ಭೂಮಾಲೀಕರ ಸೌಜನ್ಯದ ಮೇಲೆ. ಸವಾರರು ತಮ್ಮ 300 ಸಿಸಿ ಟೂ-ಸ್ಟ್ರೋಕ್ ಬೈಕನ್ನು ಮಾರಿ, ಆ ದಿನಗಳಲ್ಲಿ ಸಿಗುತ್ತಿದ್ದ ಕ್ಲಚ್‌ರಹಿತ ವಿದ್ಯುತ್ ಟ್ರಯಲ್ಸ್ ಬೈಕೊಂದನ್ನು ಕೊಂಡರು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವು 2017ರಲ್ಲಿ ವಿದ್ಯುತ್ ಬೈಕುಗಳಿಗೆಂದೇ ಟ್ರಯಲ್-ಇ ಕಪ್ ಆರಂಭಿಸಿದ್ದರಿಂದ, ಇದು ಇನ್ನು ಆಟಿಕೆಯಲ್ಲ ಎಂಬ ಧೈರ್ಯವೂ ಅವರಿಗಿತ್ತು.

ಸಮಸ್ಯೆ

ಮೊದಲ ತಿಂಗಳುಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ಒದ್ದೆ ಹುಲ್ಲಿನ ಏರು, ಕೆಸರಿನ ತಿರುವು, ಬೇರುಗಳ ಮೇಲಿನ ಅಡ್ಡದಾರಿ ಇಂಥ ಕಡೆಗಳಲ್ಲೆಲ್ಲ ಹೊಸ ಬೈಕು ಹಳೆಯದಕ್ಕಿಂತ ಮೇಲು. ಎಂಜಿನ್ ನಿಂತುಹೋಗುವ ಅಂಜಿಕೆ ಇಲ್ಲದ್ದರಿಂದ ಸವಾರರು ನಡಿಗೆಗಿಂತ ನಿಧಾನವಾಗಿ ಹೋಗಬಲ್ಲವರಾದರು, ಟೈರು ಜಾರುವುದೂ ಕಡಿಮೆಯಾಯಿತು. ಅಂಕಪಟ್ಟಿಯಲ್ಲಿ ಸೊನ್ನೆಗಳು ಹೆಚ್ಚಿದವು.

ತೊಂದರೆ ಕಂಡದ್ದು ಮೆಟ್ಟಿಲಿನಂಥ ಬಂಡೆಗಳಲ್ಲಿ. ಕ್ಲಬ್ಬಿನ ಒಂದು ಸೆಕ್ಷನ್ ಹಳ್ಳದ ಹಾಸುಗಲ್ಲಿನ ಮೇಲೆ ಮೊಳಕಾಲೆತ್ತರದ ನೀರಿನಲ್ಲಿ ಶುರುವಾಗಿ, ಎಡಕ್ಕೆ ಹೊರಳಿ, ಬೈಕಿನ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚಿನ ಜಾಗದಲ್ಲಿ ಸೊಂಟದೆತ್ತರದ ಮರಳುಗಲ್ಲಿನ ಗೋಡೆಗೆ ಎದುರಾಗುತ್ತದೆ. ಗೋಡೆಯ ಅಂಚು ಉರುಟಾಗಿದೆ, ಪಾಚಿ ಹಿಡಿದಿದೆ. ಓಡಿ ಬಂದು ಹಾರಲು ಜಾಗವಿಲ್ಲ. ಪೆಟ್ರೋಲ್ ಬೈಕಿನ ಸವಾರರು ಇಲ್ಲಿ ಮಾಡುವುದು ಹೀಗೆ: ಗೋಡೆಗೆ ಒಂದು ಗಾಲಿಯಷ್ಟು ದೂರವಿರುವಾಗ ಒಂದೇ ಬೆರಳಿನಿಂದ ಕ್ಲಚ್ ಎಳೆದು, ಬೈಕು ತನ್ನ ಪಾಡಿಗೆ ಉರುಳುತ್ತಿರುವಾಗಲೇ ಥ್ರಾಟಲ್ ತಿರುಗಿಸಿ ಎಂಜಿನ್ನಿನ ಸುತ್ತು ಏರಿಸುತ್ತಾರೆ, ಮೊಳಕಾಲು ಮಡಚಿ ಸಸ್ಪೆನ್ಷನ್ ಅದುಮುತ್ತಾರೆ, ದೇಹ ಮೇಲಕ್ಕೆ ಚಿಮ್ಮುವ ಕ್ಷಣದಲ್ಲೇ ಕ್ಲಚ್ಚಿನ ಬೆರಳು ಬಿಡುತ್ತಾರೆ. ಮುಂದಿನ ಗಾಲಿ ಅಂಚಿನಿಂದಾಚೆ ಏರುತ್ತದೆ, ಹಿಂದಿನ ಗಾಲಿ ಗೋಡೆಯ ಮುಖಕ್ಕೆ ಬಡಿದು ಕಚ್ಚಿಕೊಂಡು ಮೇಲೆ ಬರುತ್ತದೆ. ನೋಡುವವರಿಗೆ ಒಂದೇ ಚಲನೆಯಂತೆ ಕಾಣುವ ಈ ಕೆಲಸಕ್ಕೆ ಹಿಡಿಯುವ ಕಾಲ ಅರ್ಧ ಸೆಕೆಂಡಿಗೂ ಕಡಿಮೆ.

ನಮ್ಮ ಸವಾರರ ಹೊಸ ಬೈಕಿನಲ್ಲಿ ಮುಂದಿನ ಗಾಲಿ ಏರುತ್ತಿತ್ತು, ಹಿಂದಿನದು ಏರುತ್ತಿರಲಿಲ್ಲ. ಬೈಕಿನ ಹೊಟ್ಟೆ ಅಂಚಿಗೆ ತಾಗಿ, ಎಲ್ಲವೂ ನಿಂತು, ಐದು ಅಂಕ. ಕೌಶಲದ ಕೊರತೆ ಎನ್ನುವಂತಿರಲಿಲ್ಲ, ಏಕೆಂದರೆ ಸ್ನೇಹಿತರ ಪೆಟ್ರೋಲ್ ಬೈಕನ್ನು ಎರವಲು ಪಡೆದು ಅದೇ ಗೋಡೆಯನ್ನು ಅವರು ಅದೇ ಮಧ್ಯಾಹ್ನ ಹತ್ತಿ ತೋರಿಸಿದರು. ಟಾರ್ಕಿನ ಕೊರತೆ ಎನ್ನುವಂತೆಯೂ ಇರಲಿಲ್ಲ. ತಯಾರಕರ ಪಟ್ಟಿಯಲ್ಲಿ ಟಾರ್ಕಿನ ಅಂಕಿ ಪೆಟ್ರೋಲ್ ಬೈಕಿಗಿಂತ ದೊಡ್ಡದಾಗಿಯೇ ಇತ್ತು.

ಮಾಡಿದ ಪ್ರಯತ್ನಗಳು

ಮೊದಲು ಕೈಹಾಕಿದ್ದು ಮೋಟಾರಿಗೆ ಕರೆಂಟು ಅಳೆದು ಕೊಡುವ ಕಂಟ್ರೋಲರಿನ ಹೊಂದಾಣಿಕೆಗೆ. ಥ್ರಾಟಲ್ ತಿರುಗಿಸಿದಾಗ ಮೋಟಾರಿಗೆ ಹೋಗುವ ಕರೆಂಟು ಒಮ್ಮೆಲೇ ಏರದಂತೆ ಕಂಟ್ರೋಲರ್ ಒಂದು ಇಳಿಜಾರು ಹಾಕಿಕೊಂಡಿರುತ್ತದೆ. ಆ ಏರಿಕೆಯನ್ನು ಚುರುಕುಗೊಳಿಸಿದರೆ ಗೋಡೆಯ ಬುಡದಲ್ಲಿ ಬೇಕಾದ ಚಿಮ್ಮುಗೆ ಸಿಗಬಹುದು ಎಂಬುದು ಮಾರಾಟಗಾರರ ಸಲಹೆ. ಚುರುಕುಗೊಳಿಸಿದ್ದಾಯಿತು. ಈಗ ಒದ್ದೆ ಕಲ್ಲಿನ ಮೇಲೆ ಹಿಂದಿನ ಟೈರು ಗೋಡೆ ಮುಟ್ಟುವ ಮೊದಲೇ ಜಾರತೊಡಗಿತು, ಬೈಕಿನ ಅತಿ ದೊಡ್ಡ ಗುಣವಾಗಿದ್ದ ನಯವಾದ ಹೊರಡುವಿಕೆ ಹೋಯಿತು, ಹಿಂದೆ ಸೊನ್ನೆ ಬರುತ್ತಿದ್ದ ಸೆಕ್ಷನ್ನುಗಳಲ್ಲೂ ಅಂಕ ಬೀಳತೊಡಗಿತು. ಎರಡನೆಯದಾಗಿ ಸ್ಪ್ರಾಕೆಟ್ (ಸರಪಳಿಯ ಹಲ್ಲುಗಾಲಿ) ಬದಲಿಸಿ ಗೇರಿಂಗ್ ತಗ್ಗಿಸಲಾಯಿತು. ಇದರಿಂದ ಚಕ್ರಕ್ಕೆ ಹೋಗುವ ಟಾರ್ಕ್ ಹೆಚ್ಚಿತು, ಹಳ್ಳದ ಉರುಳುಗಲ್ಲುಗಳಲ್ಲಿ ಲಾಭವೂ ಆಯಿತು. ಗೋಡೆಯಲ್ಲಿ ಮಾತ್ರ ಚಕ್ರದ ವೇಗ ಸಾಲದೆ ಬೈಕು ಮೊದಲಿಗಿಂತ ಕೆಳಗೇ ನಿಂತಿತು.

ಮೂರನೆಯ ಪ್ರಯತ್ನ ಸವಾರರ ಸ್ವಂತ ಉಪಾಯ, ಮತ್ತು ಅದು ಜಾಣತನದ್ದೇ. ಕ್ಲಚ್ ಇಲ್ಲದಿದ್ದರೇನಂತೆ, ಹಿಂದಿನ ಬ್ರೇಕು ಇದೆಯಲ್ಲ. ಹಿಂದಿನ ಬ್ರೇಕು ಹಿಡಿದು ಅದರ ವಿರುದ್ಧ ಥ್ರಾಟಲ್ ಕೊಟ್ಟರೆ ಮೋಟಾರು ತಳ್ಳುತ್ತಿರುತ್ತದೆ, ಚಕ್ರ ತಿರುಗುವುದಿಲ್ಲ. ಸರಿಯಾದ ಕ್ಷಣದಲ್ಲಿ ಬ್ರೇಕು ಬಿಟ್ಟರೆ ಕರೆಂಟು ಏರಲು ಕಾಯಬೇಕಿಲ್ಲ, ಪೂರ್ಣ ಟಾರ್ಕ್ ಆಗಲೇ ಸಿದ್ಧವಾಗಿರುತ್ತದೆ. ಕ್ವಾರಿಯಲ್ಲಿ ಒಣ ಕಲ್ಲಿನ ಮೇಲೆ ಇದು ಕೆಲಸ ಮಾಡಿತು. ಹತ್ತರಲ್ಲಿ ಕೆಲವು ಸಲ ಎನ್ನುವಷ್ಟಾದರೂ ಹಿಂದಿನ ಗಾಲಿ ಮೇಲೆ ಬಂತು. ಆ ದಿನಗಳಲ್ಲಿ ಸವಾರರಿಗೂ ನನಗೂ ದಾರಿ ಸಿಕ್ಕಿತೆಂದೇ ಅನ್ನಿಸಿತ್ತು.

ಸ್ಪರ್ಧೆಯಲ್ಲಿ ಇದು ಎರಡು ಕಡೆ ಮುರಿಯಿತು. ಈ ಕ್ಲಬ್ಬು ನಡೆಸುವುದು ನಿಲ್ಲದೆ ಸಾಗುವ ನಿಯಮದಡಿಯಲ್ಲಿ; ವಿಶ್ವ ಚಾಂಪಿಯನ್‌ಷಿಪ್ಪಿಗೂ ಆ ನಿಯಮ 2013ರಲ್ಲಿ ಮರಳಿ ಬಂದಿತ್ತು. ಬೈಕಿನ ಮುಂಚಲನೆ ನಿಂತರೆ ಪಾದ ತಾಗಿಸದಿದ್ದರೂ ಐದು ಅಂಕ. ಹಿಂದಿನ ಬ್ರೇಕು ಬಿಗಿ ಹಿಡಿದು ಶಕ್ತಿ ಕೂಡಿಸುವವನು ನಿಲ್ಲದೆ ಇರುವುದು ಹೇಗೆ? ಕ್ಲಚ್ ಎಳೆದವನ ಬೈಕು ಉರುಳುತ್ತಲೇ ಇರುತ್ತದೆ, ಬ್ರೇಕು ಹಿಡಿದವನದು ನಿಲ್ಲುತ್ತದೆ. ಅಂದು ಆ ಗೋಡೆಯ ಪಕ್ಕದಲ್ಲಿ ವೀಕ್ಷಕನಾಗಿದ್ದವನು ನಾನೇ ಆದ್ದರಿಂದ, ಅವರು ಗೋಡೆ ಹತ್ತಿದ ಮೇಲೂ ಐದು ಬರೆಯಬೇಕಾಯಿತು. ಅವರು ಮರುಮಾತಾಡಲಿಲ್ಲ. ಎರಡನೆಯ ಸುತ್ತಿನಲ್ಲಿ ಬ್ರೇಕನ್ನು ಅರೆಬರೆ ಹಿಡಿದು ಉರುಳುತ್ತ ಬರಲು ನೋಡಿದರು. ಆ ಹೊತ್ತಿಗೆ ಬೇರೆ ಸೆಕ್ಷನ್ನುಗಳಲ್ಲೂ ಇದೇ ಉಪಾಯ ಬಳಸಿದ್ದರಿಂದ ಕಂಟ್ರೋಲರ್ ಕಾದು ಬಿಸಿಯಾಗಿತ್ತು. ಗೋಡೆಯ ನಡುವೆ ಬೈಕಿನ ಶಕ್ತಿ ತಾನಾಗಿ ಇಳಿದು, ಸವಾರರು ಬೈಕಿನ ಸಮೇತ ನೀರಿಗೆ ಜಾರಿದರು. ಪೆಟ್ಟೇನೂ ಆಗಲಿಲ್ಲ.

ತಿರುವು

ಕಂಟ್ರೋಲರಿನ ಒಳಗೆ ದಾಖಲಾಗಿದ್ದ ಅಂಕಿಗಳನ್ನು ಆ ವಾರ ಕೂತು ನೋಡಿದೆವು. ಮೋಟಾರ್ ಕೆಲಸದಲ್ಲಿರುವವರಿಗೆ ಕಾದದ್ದರ ಕಾರಣ ಕೂಡಲೇ ತಿಳಿಯುವಂಥದ್ದು. ತಿರುಗದೆ ತಳ್ಳುತ್ತಿರುವ ಮೋಟಾರು ಯಾಂತ್ರಿಕವಾಗಿ ಏನೂ ಕೆಲಸ ಮಾಡುತ್ತಿರುವುದಿಲ್ಲ. ಒಳಹೋದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಅದೂ ಅಲ್ಲದೆ, ರೋಟರ್ (ಮೋಟಾರಿನ ತಿರುಗುವ ಭಾಗ) ನಿಂತಿರುವಾಗ ಕರೆಂಟು ಮೂರು ಫೇಸುಗಳಲ್ಲಿ, ಅಂದರೆ ಮೋಟಾರಿನ ಮೂರು ಸುರುಳಿ ಗುಂಪುಗಳಲ್ಲಿ, ಸರದಿಯಂತೆ ಹಂಚಿಹೋಗದೆ ಒಂದೆರಡರಲ್ಲೇ ಹರಿಯುತ್ತಿರುತ್ತದೆ, ಹಾಗಾಗಿ ಅಲ್ಲಿನ ಟ್ರಾನ್ಸಿಸ್ಟರುಗಳು ಬೇಗ ಕಾಯುತ್ತವೆ. ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಕರೆಂಟು ತಗ್ಗಿಸಿದ್ದು ಸರಿಯಾದ ನಡವಳಿಕೆಯೇ.

ಆದರೆ ಮುಖ್ಯವಾದ ವಿಷಯ ಬೇರೆಯಿತ್ತು. ಕಾಯದೆ ಇದ್ದಾಗಲೂ, ಒಣ ಕಲ್ಲಿನಲ್ಲಿಯೂ, ಈ ಬೈಕು ಗೋಡೆಯನ್ನು ಕಷ್ಟದಿಂದಲೇ ಹತ್ತುತ್ತಿತ್ತೇಕೆ? ಇಲ್ಲಿಯವರೆಗೆ ನಾವೆಲ್ಲ ಟಾರ್ಕಿನ ಬಗ್ಗೆ ಮಾತಾಡಿದ್ದೆವು. ಆ ಸಂಜೆ ಸವಾರರು ಕೇಳಿದ ಪ್ರಶ್ನೆ ಮಾತನ್ನು ಬೇರೆಡೆಗೆ ತಿರುಗಿಸಿತು. ಹಳೆಯ ಬೈಕಿನಲ್ಲಿ ಕ್ಲಚ್ ಬಿಟ್ಟ ಮೇಲೆ ತಾವು ಥ್ರಾಟಲ್ ಮುಚ್ಚಿಬಿಟ್ಟರೂ ಅದು ಹತ್ತುತ್ತಿತ್ತಲ್ಲ, ಆ ಬಲ ಎಲ್ಲಿಂದ ಬರುತ್ತಿತ್ತು ಎಂದು ಅವರು ಕೇಳಿದರು.

ಉತ್ತರಕ್ಕಾಗಿ ಕಾಗದದ ಮೇಲೆ ಲೆಕ್ಕ ಹಾಕಿದೆವು. ಬೈಕು 70 ಕಿಲೋ, ಸವಾರ 75 ಕಿಲೋ ಎಂದುಕೊಂಡರೆ, ಎರಡನ್ನೂ ಒಂದು ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 1,420 ಜೂಲ್. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಉರುಳಿ ಬರುವುದರಿಂದ ಸಿಗುವುದು ಸುಮಾರು 140 ಜೂಲ್, ಅಂದರೆ ಬೇಕಾದ್ದರ ಹತ್ತನೇ ಒಂದು ಪಾಲು. ಇನ್ನು ಗೋಡೆ ಏರುವ ಕಾಲ ಕಾಲು ಸೆಕೆಂಡು ಎಂದುಕೊಳ್ಳೋಣ. ಆರು ಕಿಲೋವ್ಯಾಟಿನ ಮೋಟಾರು ಆ ಕಾಲು ಸೆಕೆಂಡಿನ ಉದ್ದಕ್ಕೂ ಪೂರ್ಣ ಶಕ್ತಿ ಕೊಟ್ಟರೆ 1,500 ಜೂಲ್. ಆದರೆ ಚಕ್ರದ ವೇಗ ಸೊನ್ನೆಯ ಹತ್ತಿರದಿಂದ ಶುರುವಾಗುವುದರಿಂದ, ಟಾರ್ಕ್ ಪೂರ್ಣವಾಗಿದ್ದರೂ ಕ್ಷಣಕ್ಷಣಕ್ಕೆ ಸಿಗುವ ಶಕ್ತಿ ಮೆಲ್ಲಗೆ ಏರುತ್ತದೆ, ಒಟ್ಟು ಸಿಗುವುದು ಅದರ ಅರ್ಧದ ಆಸುಪಾಸು. ಸವಾರನ ಕಾಲುಗಳು ಒಂದಿಷ್ಟು ಸೇರಿಸುತ್ತವೆ. ಲೆಕ್ಕ ಗೋಡೆಯ ಅಂಚಿಗೆ ಮುಟ್ಟುವುದಿಲ್ಲ, ಬೈಕು ನಿಜವಾಗಿ ನಿಲ್ಲುತ್ತಿದ್ದುದೂ ಸರಿಸುಮಾರು ಅಲ್ಲೇ.

ಈಗ ಪೆಟ್ರೋಲ್ ಬೈಕಿಗೆ ಬನ್ನಿ. ಫ್ಲೈವೀಲ್ ಮತ್ತು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಸೇರಿ ತಿರುಗುವಿಕೆಯ ಜಡತ್ವ 0.01 ಕಿಲೋ-ಚದರಮೀಟರ್ ಎಂದು ಉದಾಹರಣೆಗೆ ಇಟ್ಟುಕೊಂಡರೆ, ನಿಮಿಷಕ್ಕೆ 5,000 ಸುತ್ತಿನಲ್ಲಿ ಅದರೊಳಗೆ ಕೂಡಿರುವ ಶಕ್ತಿ ಸುಮಾರು 1,370 ಜೂಲ್. ಸವಾರ ಮತ್ತು ಬೈಕನ್ನು ಒಂದು ಮೀಟರ್ ಎತ್ತಲು ಬೇಕಾದಷ್ಟೇ, ಹೆಚ್ಚುಕಡಿಮೆ. ಕ್ಲಚ್ ಬಿಟ್ಟಾಗ ಸುತ್ತು ಇಳಿಯುತ್ತದೆ. ಒಂದು ಪಾಲು ಕ್ಲಚ್ಚಿನಲ್ಲಿ ಶಾಖವಾಗಿ ಹೋಗುತ್ತದೆ. ಉಳಿದದ್ದು ಎಂಜಿನ್ ಅದೇ ಹೊತ್ತಿನಲ್ಲಿ ಹುಟ್ಟಿಸುತ್ತಿರುವ ಶಕ್ತಿಯ ಜೊತೆಗೂಡಿ ಚಕ್ರಕ್ಕೆ ಬರುತ್ತದೆ. ಕುಂಬಾರನು ಕೋಲಿನಿಂದ ತಿಗರಿಯನ್ನು ಜೋರಾಗಿ ತಿರುಗಿಸಿ, ಕೋಲು ಬದಿಗಿಟ್ಟು, ಆ ತಿರುಗಿನಲ್ಲಿ ಕೂಡಿದ ಬಲದಿಂದಲೇ ಮಡಕೆ ಎತ್ತುತ್ತಾನಲ್ಲ, ಟ್ರಯಲ್ಸ್ ಸವಾರ ಮಾಡುವುದೂ ಅದನ್ನೇ. ಬಲ ಕೂಡಿಸುವ ಹೊತ್ತು ಬೇರೆ, ಅದನ್ನು ಬಳಸುವ ಹೊತ್ತು ಬೇರೆ.

ಕ್ಲಚ್‌ರಹಿತ ಬೈಕಿನಲ್ಲಿ ರೋಟರ್ ಸದಾ ಚಕ್ರಕ್ಕೆ ಕಟ್ಟಿಕೊಂಡಿರುತ್ತದೆ. ಚಕ್ರ ನಿಧಾನವಾಗಿದ್ದರೆ ಅದೂ ನಿಧಾನ. ಮುಂಚಿತವಾಗಿ ಏನನ್ನೂ ಕೂಡಿಡಲು ಅದಕ್ಕೆ ಬರುವುದಿಲ್ಲ. ಬ್ರೇಕು ಹಿಡಿದು ತಳ್ಳಿದಾಗ ಸರಪಳಿಯ ಎಳೆತದಲ್ಲಿ ಚೂರು ಕೂಡಬಹುದು, ಅಷ್ಟೇ. ಬೈಕಿನ ವಿನ್ಯಾಸಕರು ಕ್ಲಚ್ಚನ್ನು ಹೊರಡಲು ಮತ್ತು ಗೇರು ಬದಲಿಸಲು ಬೇಕಾದ ಭಾಗವೆಂದು ಎಣಿಸಿದ್ದರು, ಆ ಎರಡೂ ಕೆಲಸ ವಿದ್ಯುತ್ ಬೈಕಿನಲ್ಲಿ ಇಲ್ಲವಾದ್ದರಿಂದ ತೆಗೆದರು. ಸವಾರರಿಗೆ ಅದು ಸೆಕ್ಷನ್ನಿನ ನಡುವೆ ಬಲವನ್ನು ಹೊತ್ತು ನೋಡಿ ಬಿಡುವ ಕೈಯಾಗಿತ್ತು. ಟ್ರಯಲ್ಸ್ ಸವಾರ ಸೆಕ್ಷನ್ನಿನೊಳಗೆ ಗೇರು ಬದಲಿಸುವುದೇ ಅಪರೂಪ.

ಈ ತೀರ್ಮಾನಕ್ಕೆ ನಾವು ಬಂದ ಮೇಲೆ ಯಾಮಹಾದ ಟಿವೈ-ಇ ಎಂಬ ವಿದ್ಯುತ್ ಟ್ರಯಲ್ಸ್ ಬೈಕಿನ ವಿವರಗಳು ನಮಗೆ ಹೊಸ ಅರ್ಥದಲ್ಲಿ ಕಂಡವು. 2018ರ ಟ್ರಯಲ್-ಇ ಕಪ್ಪಿಗೆ ಜಪಾನಿನ ಕೆನಿಚಿ ಕುರೊಯಾಮಾ ಆ ಬೈಕಿನಲ್ಲಿ ಬಂದು ಎರಡನೆಯ ಸ್ಥಾನ ಪಡೆದಿದ್ದರು. ಆ ಬೈಕಿನಲ್ಲಿ ಯಾಂತ್ರಿಕ ಕ್ಲಚ್ಚೂ ಇತ್ತು, ಫ್ಲೈವೀಲೂ ಇತ್ತು. ವಿದ್ಯುತ್ ಬೈಕಿಗೆ ಇವೇಕೆ ಎಂದು ಮೊದಲು ಓದಿದಾಗ ಕ್ಲಬ್ಬಿನಲ್ಲಿ ಹಲವರು ಹುಬ್ಬೇರಿಸಿದ್ದರು. ಸ್ಪರ್ಧೆಯ ಗೋಡೆಗಳನ್ನು ಹತ್ತಬೇಕಾದವರು ಅದೇ ಉತ್ತರಕ್ಕೆ ನಮಗಿಂತ ಮೊದಲೇ ಬಂದಿದ್ದರು ಎಂಬುದು ಈಗ ಸ್ಪಷ್ಟವಾಯಿತು.

ನಿರ್ಧಾರ ಮತ್ತು ಅದರ ಫಲ

ಸವಾರರ ಮುಂದೆ ಮೂರು ದಾರಿಗಳಿದ್ದವು. ಪೆಟ್ರೋಲಿಗೆ ಮರಳಿದರೆ ಗೋಡೆ ಸಿಗುತ್ತದೆ, ಕ್ವಾರಿ ಹೋಗುತ್ತದೆ. ಅಭ್ಯಾಸವಿಲ್ಲದೆ ಗೋಡೆ ಎಷ್ಟು ದಿನ ಸಿಕ್ಕೀತು ಎಂಬುದು ಅವರ ಪ್ರಶ್ನೆ. ಇದ್ದ ಬೈಕಿಗೇ ಕ್ಲಚ್ ಕೂಡಿಸಬಹುದೇ ಎಂದು ಸಣ್ಣ ವರ್ಕ್‌ಶಾಪ್ ಒಂದನ್ನು ಕೇಳಿದಾಗ, ಮೋಟಾರಿನ ಕವಚವನ್ನೇ ಬದಲಿಸಬೇಕಾಗುತ್ತದೆಂದು ಅವರು ಪ್ರಾಮಾಣಿಕವಾಗಿ ಹೇಳಿ, ಕೆಲಸ ಒಪ್ಪಿಕೊಳ್ಳಲಿಲ್ಲ. ಆ ಪ್ರಾಮಾಣಿಕತೆ ಸವಾರರ ಹಣವನ್ನೂ ಬಹುಶಃ ಒಂದು ಋತುವನ್ನೂ ಉಳಿಸಿತು. ಉಳಿದದ್ದು, ಹೊಸ ತಲೆಮಾರಿನ ಕ್ಲಚ್‌ಸಹಿತ ವಿದ್ಯುತ್ ಬೈಕಿಗೆ ಬದಲಾಯಿಸುವುದು. ನಷ್ಟಕ್ಕೆ ಹಳೆಯದನ್ನು ಮಾರಿ ಅದನ್ನೇ ಕೊಂಡರು.

ಹೊಸ ಬೈಕಿನಲ್ಲಿ ಮೊದಲ ದಿನವೇ ಅಚ್ಚರಿಯೊಂದು ಕಾದಿತ್ತು. ಕ್ಲಚ್ ಇದ್ದೂ ಗೋಡೆ ಹತ್ತಲಿಲ್ಲ. ಸವಾರರ ಎಡಗೈಯ ಬೆರಳಿಗೆ ಹಳೆಯ ಅಭ್ಯಾಸ ಮರಳಿತ್ತು, ಆದರೆ ಕ್ಲಚ್ ಎಳೆದಾಗ ಮೋಟಾರು ನಿಂತೇ ಇರುತ್ತಿತ್ತು. ಥ್ರಾಟಲ್ ತಿರುಗಿಸಿದ ಮೇಲೆ ಅದು ಸೊನ್ನೆಯಿಂದ ಸುತ್ತು ಏರಿಸಿಕೊಳ್ಳುವಷ್ಟರಲ್ಲಿ ಬೈಕು ಗೋಡೆಗೆ ಮುಟ್ಟಿಬಿಡುತ್ತಿತ್ತು. ಜೊತೆಗೆ ಸದ್ದಿಲ್ಲ. ಪೆಟ್ರೋಲ್ ಸವಾರನು ಸುತ್ತು ಎಷ್ಟಾಯಿತೆಂಬುದನ್ನು ಕಿವಿಯಿಂದ ಅಳೆಯುತ್ತಾನೆ. ಇಲ್ಲಿ ಮೋಟಾರಿನ ಸಣ್ಣ ಸಿಳ್ಳಿನ ಸದ್ದು ಹಳ್ಳದ ನೀರಿನ ಮೊರೆತದಲ್ಲಿ ಕೇಳಿಸದು. ಆ ಬೈಕಿನಲ್ಲಿ ಐಡ್ಲಿಂಗ್ ಸೌಲಭ್ಯವೊಂದಿತ್ತು: ಬೇಕೆಂದರೆ ಮೋಟಾರು ಸದಾ ಒಂದು ಕನಿಷ್ಠ ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಎಂಜಿನ್ನಿನಂತೆ. ಬ್ಯಾಟರಿ ಉಳಿಸಲೆಂದು ಸವಾರರು ಅದನ್ನು ಆರಿಸಿಟ್ಟಿದ್ದರು. ಅದನ್ನು ಹಾಕಿ, ಮಟ್ಟವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದಾಗ, ಒಂದು ಹಂತದಲ್ಲಿ ಹಿಡಿಕೆಯ ಮೂಲಕ ಅಂಗೈಗೆ ನವಿರಾದ ಕಂಪನ ಬರತೊಡಗಿತು. ಅಲ್ಲಿಂದಾಚೆಗೆ ಸವಾರರು ಸುತ್ತನ್ನು ಕಿವಿಗೆ ಬದಲು ಅಂಗೈಯಿಂದ ಅಳೆಯಲು ಕಲಿತರು.

ಗೋಡೆ ಸಿಕ್ಕಿತು. ಮೊದಲು ಕ್ವಾರಿಯ ಒಣ ಕಲ್ಲಿನಲ್ಲಿ, ಮುಂದಿನ ಸ್ಪರ್ಧೆಯಲ್ಲಿ ಹಳ್ಳದ ಪಾಚಿಗಲ್ಲಿನಲ್ಲಿ, ಉರುಳುತ್ತಲೇ ಬಂದು, ನಿಲ್ಲದೆ. ಮೆಲ್ಲನೆ ಹೋಗುವ ಸೆಕ್ಷನ್ನುಗಳಲ್ಲಿ ಹಿಂದಿನ ಬೈಕು ಕೊಟ್ಟಿದ್ದ ಅನುಕೂಲವೂ ಕೈಬಿಡಲಿಲ್ಲ, ಏಕೆಂದರೆ ಅಲ್ಲಿ ಕ್ಲಚ್ ಮುಟ್ಟದೆ ಬರೀ ಥ್ರಾಟಲಿನಿಂದ ಸಾಗಬಹುದಿತ್ತು. ನನ್ನ ಅಭಿಪ್ರಾಯದಲ್ಲಿ ವಿದ್ಯುತ್ ಟ್ರಯಲ್ಸ್ ಬೈಕಿನ ನಿಜವಾದ ಬಲ ಇರುವುದು ಈ ಎರಡರ ಜೋಡಣೆಯಲ್ಲಿ: ಬೇಕಾದಾಗ ಕ್ಲಚ್ ಇರುವ ಬೈಕು, ಬೇಡವಾದಾಗ ಇಲ್ಲದ ಬೈಕು. ಪೆಟ್ರೋಲ್ ಎಂಜಿನ್ ಎಷ್ಟೇ ಸುಧಾರಿಸಿದರೂ ಎರಡನೆಯದನ್ನು ಕೊಡಲಾರದು.

ಈ ಪ್ರಕರಣದಲ್ಲಿ ಕಾಲ ಹಿಡಿದದ್ದು ಎಲ್ಲಿ ಎಂದು ಹಿಂದಿರುಗಿ ನೋಡಿದರೆ, ನಾವು ಅಳೆಯುತ್ತಿದ್ದ ಅಂಕಿಯೇ ಬೇರೆಯಾಗಿತ್ತು ಎನ್ನಬೇಕು. ಮಾರಾಟಗಾರರು, ಸವಾರರು, ನಾನು, ಎಲ್ಲರೂ ಟಾರ್ಕಿನ ಅಂಕಿಯನ್ನು ಎದುರಿಗಿಟ್ಟುಕೊಂಡೇ ಯೋಚಿಸಿದೆವು. ಗೋಡೆ ಕೇಳುತ್ತಿದ್ದುದು ಕಾಲು ಸೆಕೆಂಡಿನಲ್ಲಿ ಒದಗುವ ಜೂಲ್‌ಗಳನ್ನು. ಮೊದಲ ಎರಡು ಪ್ರಯತ್ನಗಳು ಹುಟ್ಟಿದ್ದೇ ಆ ತಪ್ಪು ಅಂಕಿಯಿಂದ. ಸವಾರರ ಬ್ರೇಕಿನ ಉಪಾಯ ಮಾತ್ರ ಸರಿಯಾದ ದಿಕ್ಕಿನಲ್ಲಿತ್ತು, ಏಕೆಂದರೆ ಅದರ ಹಿಂದೆ ಮುಂಚಿತವಾಗಿ ಕೂಡಿಡಬೇಕೆಂಬ ಅರಿವಿತ್ತು. ಬ್ರೇಕಿನಲ್ಲಿ ಕೂಡಿಡಲು ಜಾಗವಿರಲಿಲ್ಲವಷ್ಟೆ. ಇಂಥ ಬೈಕನ್ನು ಪರೀಕ್ಷಿಸುವವರು ಸೋತ ಉಪಾಯಗಳನ್ನೂ ಬರೆದಿಡಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಕಂಟ್ರೋಲರ್ ಕಾದು ಶಕ್ತಿ ಇಳಿಸಿದ ಆ ಒಂದು ಘಟನೆ ಇಲ್ಲದಿದ್ದರೆ ಅಂಕಿಗಳನ್ನು ತೆರೆದು ನೋಡುವ ಯೋಚನೆಯೇ ನಮಗೆ ಬರುತ್ತಿರಲಿಲ್ಲ.

ಉಳಿದ ತೊಡಕುಗಳು ಎರಡು. ಸೆಕ್ಷನ್ನಿನೊಳಗೆ ಪಾದ ನೆಲದಲ್ಲಿರುವಾಗ ಎಂಜಿನ್ ನಿಂತರೆ ಐದು ಅಂಕ ಎಂಬ ಹಳೆಯ ನಿಯಮವನ್ನು ವಿದ್ಯುತ್ ಬೈಕಿಗೆ ಅನ್ವಯಿಸುವುದು ವೀಕ್ಷಕನಿಗೆ ಕಷ್ಟ. ನಿಂತಿದೆಯೋ ತಿರುಗುತ್ತಿದೆಯೋ ಕೇಳಿಸುವುದೇ ಇಲ್ಲ. ಸದ್ಯಕ್ಕೆ ನಮ್ಮ ಕ್ಲಬ್ಬು ಅಂಥ ಬೈಕುಗಳಲ್ಲಿ ಮುಂಚಲನೆಯನ್ನು ಮಾತ್ರ ನೋಡುವಂತೆ ವೀಕ್ಷಕರಿಗೆ ಹೇಳಿದೆ. ಎರಡನೆಯದು ಬ್ಯಾಟರಿ. ಐಡ್ಲಿಂಗ್ ಹಾಕಿಟ್ಟರೆ ಬೈಕು ಏನೂ ಮಾಡದೆ ನಿಂತಾಗಲೂ ವಿದ್ಯುತ್ ಖರ್ಚಾಗುತ್ತಿರುತ್ತದೆ, ಯಾರ್ಕ್‌ಶರ್‌ನ ಚಳಿಯಲ್ಲಿ ಬ್ಯಾಟರಿಯ ಕಸುವೂ ಕಡಿಮೆ. ಹೀಗಾಗಿ ದಿನದ ಕೊನೆಯ ಸುತ್ತಿನಲ್ಲಿ ಸವಾರರು ಪ್ರತಿ ಸೆಕ್ಷನ್ನನ್ನೂ ಮೊದಲು ನಡೆದು ನೋಡಿ, ಮೆಟ್ಟಿಲುಬಂಡೆ ಇಲ್ಲದ ಕಡೆ ಐಡ್ಲಿಂಗ್ ಆರಿಸಿ ಹೋಗುತ್ತಾರೆ, ಇರುವ ಕಡೆ ಹಾಕಿಕೊಳ್ಳುತ್ತಾರೆ. ಈ ಚಳಿಗಾಲದಲ್ಲಿ ಅವರು ಐಡ್ಲಿಂಗ್ ವೇಗವನ್ನು ಎಲ್ಲಿಯವರೆಗೆ ತಗ್ಗಿಸಿದರೆ ಅಂಗೈಗೆ ಕಂಪನ ಇನ್ನೂ ತಿಳಿಯುತ್ತದೆ ಎಂಬುದನ್ನು ಹಂತ ಹಂತವಾಗಿ ಪರೀಕ್ಷಿಸುತ್ತಿದ್ದಾರೆ, ಅಂಕಿಗಳನ್ನು ಬರೆದಿಡುವ ಕೆಲಸ ನನ್ನದು.